ಕೊತ್ವಾಲ ಸತ್ತ, ಕೊತ್ವಾಲಿ ಉಳಿಯಿತು



ಪಟಾನ್‌ಚೆರುವಿನ ನಡುವೆ ಹಾದುಹೋಗುವ ಹೆದ್ದಾರಿಯನ್ನು ನೀವೆಲ್ಲ ಬಲ್ಲಿರಿ. ಹಬ್ಬಕ್ಕೆಂದು ಬೀದರಿಗೋ, ಹುಮನಾಬಾದಿಗೋ, ಕಲಬುರಗಿಗೋ ಹೊರಟವರು ಬಸ್ಸಿಗೆ ಕಾಯುವುದು ಇದೇ ರಸ್ತೆಯ ಬದಿಯಲ್ಲಿ. ಹಳಬರ ಬಾಯಲ್ಲಿ ಇದು ಇನ್ನೂ 'ಒಂಬತ್ತನೇ ನಂಬರ್ ರಸ್ತೆ'. 2010ರಲ್ಲಿ ಹೆದ್ದಾರಿಗಳ ಸಂಖ್ಯೆ ಬದಲಾದ ಮೇಲೆ 65 ಆಗಿದೆ. ಒಂದು ತುದಿ ಮಚಲೀಪಟ್ಟಣ, ಇನ್ನೊಂದು ತುದಿ ಪುಣೆ. ತೆಲುಗು ನಾಡನ್ನು ಮರಾಠಿ ನಾಡಿಗೆ ಸೇರಿಸುವ ಈ ದಾರಿ ನಡುವೆ ನಮ್ಮ ಹುಮನಾಬಾದಿನ ಮೇಲೆ ಹಾಯುತ್ತದೆ.

ಈ ಸಲ ನಿಮ್ಮ ಮುಂದೆ ಇಡುತ್ತಿರುವುದು ತೆಲುಗು ನಾಡಿನಿಂದ ಪುಣೆಗೆ ಹೋಗಿ, ಮರಳಿ ಮನೆ ಸೇರದ ಕೆಲವರ ಕತೆ. ಅವರನ್ನು ಕೊಂದದ್ದು ಯುದ್ಧವಲ್ಲ, ರೋಗವಲ್ಲ, ಕಳ್ಳಕಾಕರೂ ಅಲ್ಲ. ಊರು ಕಾಯಬೇಕಾದ ಕೊತ್ವಾಲ. ಅವರು ಸತ್ತು ನೂರ ಎಂಬತ್ತು ವರ್ಷ ಕಳೆದ ಮೇಲೆ ಆ ಸಂಗತಿ ನಾಟಕವಾಗಿ ರಂಗಕ್ಕೆ ಬಂತು. ಬಂದಾಗ ಎದ್ದ ಗಲಾಟೆಯೂ ಒಂದು ಇತಿಹಾಸವೇ.

ಮೊದಲು 'ಕೊತ್ವಾಲ' ಎಂಬ ಮಾತಿನ ಬಗ್ಗೆ ಎರಡು ಸಾಲು. ಕೋಟೆಯನ್ನು ಪಾಲಿಸುವವನು 'ಕೋಟ್ಟಪಾಲ', ಅದೇ ಸವೆದು ಕೊತ್ವಾಲ ಆಯಿತು ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ತಳವಾರ ಮಾಡುತ್ತಿದ್ದ ಕೆಲಸವನ್ನು ದೊಡ್ಡ ಪಟ್ಟಣಗಳಲ್ಲಿ, ದೊಡ್ಡ ಅಧಿಕಾರದೊಂದಿಗೆ ಮಾಡುತ್ತಿದ್ದವನು ಈತ. ಹೈದರಾಬಾದಿನವರಿಗೆ ಈ ಪದ ಹೊಸದಲ್ಲ. ನಿಜಾಮರ ಕಾಲದಲ್ಲಿ ನಗರ ಪೊಲೀಸಿನ ಮುಖ್ಯಸ್ಥನೇ ಕೊತ್ವಾಲ. 1920ರಿಂದ 1934ರವರೆಗೆ ಆ ಹುದ್ದೆಯಲ್ಲಿದ್ದ ರಾಜಾ ಬಹದ್ದೂರ್ ವೆಂಕಟರಾಮ ರೆಡ್ಡಿಯವರನ್ನು ಇಲ್ಲಿನ ಜನ ಇವತ್ತಿಗೂ ಗೌರವದಿಂದ ನೆನೆಯುತ್ತಾರೆ. ಆದರೆ ಬೆಂಗಳೂರಿನಲ್ಲಿ ಅದೇ ಮಾತು ಒಬ್ಬ ರೌಡಿಯ ಹೆಸರಿಗೆ ಅಂಟಿಕೊಂಡಿತು. ಕೊತ್ವಾಲ್ ರಾಮಚಂದ್ರ 1986ರಲ್ಲಿ ಕೊಲೆಯಾದ. ಕಾಯುವವನಿಗೂ ಕಾಡುವವನಿಗೂ ಒಂದೇ ಹೆಸರು ಬಂದದ್ದು ಕೇವಲ ತಮಾಷೆ ಇರಲಿಕ್ಕಿಲ್ಲ.

ಈಗ 1791ಕ್ಕೆ ಹೋಗೋಣ.

ಆ ವರ್ಷ ನಮ್ಮ ಕನ್ನಡ ನಾಡು ಯುದ್ಧದಲ್ಲಿ ಬೇಯುತ್ತಿತ್ತು. ಟಿಪ್ಪು ಸುಲ್ತಾನನ ಮೇಲೆ ಇಂಗ್ಲಿಷರು, ನಿಜಾಮ, ಮರಾಠರು ಮೂವರೂ ಒಟ್ಟಾಗಿ ಏರಿ ಬಂದಿದ್ದರು. ಪುಣೆಯ ದೊಡ್ಡ ಸೇನಾಪತಿಗಳೆಲ್ಲ ದಕ್ಷಿಣದಲ್ಲಿದ್ದರು. ಪೇಶ್ವೆ ಸವಾಯಿ ಮಾಧವರಾಯನಿಗೆ ಹದಿನೇಳು ವರ್ಷ. ಹೆಸರಿಗೆ ಅವನು ಒಡೆಯ, ರಾಜ್ಯದ ಲಗಾಮು ಮಾತ್ರ ನಾನಾ ಫಡ್ನವೀಸನ ಕೈಯಲ್ಲಿ. ಆ ನಾನಾನ ನಂಬಿಕೆಯ ಮನುಷ್ಯ ಘಾಶೀರಾಮ, ಪುಣೆಯ ಕೊತ್ವಾಲ. ಉತ್ತರದ ಕನೋಜಿ ಬ್ರಾಹ್ಮಣ. ಔರಂಗಾಬಾದಿನ ಕಡೆಯಿಂದ ಹೊಟ್ಟೆಪಾಡಿಗೆ ಬಂದು, 1777ರಲ್ಲಿ ಕೊತ್ವಾಲಿ ಪಡೆದ. ಹದಿನಾಲ್ಕು ವರ್ಷ ಆ ಕುರ್ಚಿಯಲ್ಲಿ ಕೂತ.

ಕೊತ್ವಾಲನ ಕೈಯಲ್ಲಿ ಏನೇನಿತ್ತು ಎಂಬುದನ್ನು ಗಮನಿಸಿ. ರಾತ್ರಿ ತೋಪು ಹಾರಿದ ಮೇಲೆ ಬೀದಿಯಲ್ಲಿ ಕಂಡವರನ್ನು ಹಿಡಿಯುವುದು, ಊರಿಗೆ ಬಂದು ಹೋಗುವವರ ಮೇಲೆ ಕಣ್ಣಿಡುವುದು, ಸಣ್ಣಪುಟ್ಟ ತಕರಾರು ತೀರಿಸಿ ದಂಡ ಹಾಕುವುದು. ಹಿಡಿಯುವವನೂ ಅವನೇ, ವಿಚಾರಿಸುವವನೂ ಅವನೇ, ದಂಡ ವಸೂಲಿ ಮಾಡುವವನೂ ಅವನೇ. ಊರಿನ ಸುದ್ದಿಯನ್ನೆಲ್ಲ ನಾನಾನ ಕಿವಿಗೆ ಮುಟ್ಟಿಸುವ ಕೆಲಸವೂ ಇತ್ತು. ಆದ್ದರಿಂದ ಅವನ ಮೇಲೆ ದೂರು ಕೊಡಬೇಕೆಂದರೆ ಯಾರ ಬಳಿಗೆ ಹೋಗುವುದು ಎಂಬುದೇ ಜನರಿಗೆ ತಿಳಿಯದ ಸ್ಥಿತಿ.

ಪೇಶ್ವೆಗಳು ಪ್ರತಿ ಶ್ರಾವಣದಲ್ಲಿ ಬ್ರಾಹ್ಮಣರಿಗೆ ದಕ್ಷಿಣೆ ಹಂಚುತ್ತಿದ್ದರು. ಅದಕ್ಕಾಗಿ ದೂರದೂರದಿಂದ ಸಾವಿರಾರು ಜನ ಪುಣೆಗೆ ಬರುತ್ತಿದ್ದರು. ಪರ್ವತಿ ಗುಡ್ಡದ ಬುಡದ ರಮಣಾ ಎಂಬ ಆವರಣದಲ್ಲಿ ಅವರನ್ನು ಕೂಡಿಸಿ ಒಬ್ಬೊಬ್ಬರ ಕೈಗೆ ಹಣ ಇಡುತ್ತಿದ್ದರು. ಮುಂದೆ ಇಂಗ್ಲಿಷರು ಬಂದಾಗ ಇದೇ ದಕ್ಷಿಣೆಯ ಹಣದಲ್ಲಿ ಒಂದು ಪಾಲನ್ನು ತೆಗೆದು 1821ರಲ್ಲಿ ಪುಣೆಯ ಸಂಸ್ಕೃತ ಪಾಠಶಾಲೆ ತೆರೆದರು. ಇಂದಿನ ಡೆಕ್ಕನ್ ಕಾಲೇಜಿನ ಮೂಲ ಅದೇ.

1791ರ ಶ್ರಾವಣದಲ್ಲಿ ಹಾಗೆ ಬಂದವರಲ್ಲಿ ತೆಲುಗು ನಾಡಿನ, ಅಂದರೆ ಅಲ್ಲಿಯವರು 'ತೈಲಂಗರು' ಎಂದು ಕರೆಯುತ್ತಿದ್ದ ಬ್ರಾಹ್ಮಣರ ಗುಂಪೊಂದಿತ್ತು. ಮೂವತ್ತಕ್ಕೂ ಹೆಚ್ಚು ಮಂದಿ. ಹಸಿದವರು ಕೊತ್ವಾಲನ ತೋಟಕ್ಕೆ ಹೊಕ್ಕು ತಿನ್ನಲು ಏನೋ ಕಿತ್ತುಕೊಂಡರು. ಕಾವಲುಗಾರರೊಂದಿಗೆ ಜಗಳವಾಯಿತು. ಕೊತ್ವಾಲನ ಆಳುಗಳು ಅಷ್ಟೂ ಜನರನ್ನು ಹಿಡಿದು ಗಾಳಿಯಾಡದ ಒಂದು ಪುಟ್ಟ ಕೋಣೆಯಲ್ಲಿ ತುಂಬಿ ಬೀಗ ಹಾಕಿದರು. ಉಸಿರು ಕಟ್ಟಿ ಒಳಗೇ ಜನ ಸಾಯತೊಡಗಿದರು. ಸುದ್ದಿ ತಿಳಿದ ಮಾನಾಜಿ ಫಾಕಡೆ ಎಂಬ ಮರಾಠ ಸರದಾರ ಬಂದು ಬೀಗ ಒಡೆಸುವಷ್ಟರಲ್ಲಿ ಕಾಲ ಮಿಂಚಿತ್ತು. ಒಟ್ಟು ಸತ್ತವರು 21 ಮಂದಿ.

ಊರಲ್ಲಿದ್ದ ತೈಲಂಗರೆಲ್ಲ ನಾನಾನ ಮನೆಯ ಮುಂದೆ ನೆರೆದರು. ಕೊತ್ವಾಲನ ತಲೆ ಕೊಡಬೇಕು ಎಂದು ಹಟ ಹಿಡಿದು ಕುಳಿತರು. ನಾನಾ ಮೊದಲು ವಿಚಾರಣೆ, ಶಾಸ್ತ್ರ ಎಂದು ದಿನ ನೂಕಲು ನೋಡಿದ. ಗುಂಪು ಕರಗಲಿಲ್ಲ. ಕೊನೆಗೆ ತನ್ನ ಹದಿನಾಲ್ಕು ವರ್ಷದ ನಂಬುಗೆಯ ಮನುಷ್ಯನನ್ನು ಬಿಟ್ಟುಕೊಟ್ಟ. 1791ರ ಆಗಸ್ಟ್ 31ರಂದು ಘಾಶೀರಾಮನನ್ನು ಊರೆಲ್ಲ ಮೆರವಣಿಗೆ ಮಾಡಿ, ಊರ ಹೊರಗೆ ಒಯ್ದು, ಜನ ಕಲ್ಲು ಹೊಡೆದು ಕೊಂದರು.

ಇಷ್ಟು ನಡೆದ ಸಂಗತಿ. 1863ರಲ್ಲಿ ಮೋರೋಬಾ ಕಾನ್ಹೋಬಾ ಎಂಬವರು 'ಘಾಶೀರಾಮ ಕೊತ್ವಾಲ' ಎಂಬ ಹೆಸರಿನಲ್ಲೇ ಮರಾಠಿಯಲ್ಲಿ ಪುಸ್ತಕ ಬರೆದರು. ನಂತರ ಬಹುಕಾಲ ಅದು ಇತಿಹಾಸ ಬಲ್ಲವರ ನಡುವಿನ ಕತೆಯಾಗಿಯೇ ಉಳಿಯಿತು.

ಅದನ್ನು ರಂಗಕ್ಕೆ ಎಳೆದು ತಂದವರು ವಿಜಯ ತೆಂಡೂಲ್ಕರ್. 1972ರ ಡಿಸೆಂಬರ್ 16ರಂದು ಪುಣೆಯಲ್ಲಿಯೇ 'ಘಾಶೀರಾಮ್ ಕೊತ್ವಾಲ್' ನಾಟಕದ ಮೊದಲ ಪ್ರದರ್ಶನ. ನಿರ್ದೇಶನ ಜಬ್ಬಾರ್ ಪಟೇಲ್, ಸಂಗೀತ ಭಾಸ್ಕರ ಚಂದಾವರ್ಕರ್. ನಾನಾನ ಪಾತ್ರದಲ್ಲಿ ಮೋಹನ್ ಆಗಾಶೆ. ಸೂತ್ರಧಾರ, ಗಣಪತಿಯ ಕುಣಿತ, ಹಾಡು, ಕೀರ್ತನೆ ಎಲ್ಲ ಇರುವ ಆಟ ಇದು. ಯಕ್ಷಗಾನ ನೋಡಿ ಬೆಳೆದ ನಮಗೆ ಅದರ ನಡೆ ಅಪರಿಚಿತವೆನಿಸದು. ಅದಕ್ಕೆ ಕಾರಣವೂ ಉಂಟು. ವಿಷ್ಣುದಾಸ ಭಾವೆ 1843ರಲ್ಲಿ ಸಾಂಗ್ಲಿಯಲ್ಲಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದ್ದು ನಮ್ಮ ಉತ್ತರ ಕನ್ನಡದ ಕರ್ಕಿಯ ಮೇಳದವರ ಆಟ ಅಲ್ಲಿ ನಡೆದ ಮೇಲೆ.

ನಾಟಕದಲ್ಲಿ ಪರದೆ ಇಲ್ಲ. ಹತ್ತು ಹನ್ನೆರಡು ಜನ ಬ್ರಾಹ್ಮಣರು ಸಾಲಾಗಿ ನಿಂತು ಗೋಡೆಯಾಗುತ್ತಾರೆ. ಬೇಕಾದಾಗ ಗೋಡೆ ಮುಚ್ಚುತ್ತದೆ, ಬೇಕಾದಾಗ ತೆರೆಯುತ್ತದೆ. ಒಳಗೆ ಏನು ನಡೆಯುತ್ತಿದೆ ಎಂದು ಗೋಡೆಗೆ ಗೊತ್ತು, ಆದರೂ ಅದು ಹಾಡುತ್ತಾ ಕುಣಿಯುತ್ತಾ ನಿಂತಿರುತ್ತದೆ. ನೋಡುವ ನಾವು ಅದನ್ನು ನೋಡಿ ನಗುತ್ತೇವೆ. ಸ್ವಲ್ಪ ಹೊತ್ತಿನಲ್ಲೇ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಕತೆ ಹೀಗಿದೆ. ಬಡ ಪರದೇಶಿ ಘಾಶೀರಾಮನ ಮೇಲೆ ಪುಣೆಯಲ್ಲಿ ಕಳ್ಳತನದ ಸುಳ್ಳು ಆರೋಪ ಬರುತ್ತದೆ. ಹೊಡೆದು ಬಡಿದು ಊರ ಹೊರಗೆ ಅಟ್ಟುತ್ತಾರೆ. ಈ ಊರನ್ನು ಹಂದಿಗಳ ಊರು ಮಾಡುತ್ತೇನೆ ಎಂದು ಅವನು ಶಪಥ ಮಾಡುತ್ತಾನೆ. ನಾನಾನ ಕಣ್ಣು ತನ್ನ ಮಗಳು ಗೌರಿಯ ಮೇಲೆ ಬಿದ್ದಿದೆ ಎಂದು ತಿಳಿದು, ಅವಳನ್ನೇ ಒಪ್ಪಿಸಿ ಬದಲಿಗೆ ಕೊತ್ವಾಲಿ ಕೇಳುತ್ತಾನೆ. ನಾನಾ ಕೊಡುತ್ತಾನೆ. ಕೊಡುವಾಗಲೇ ಅವನ ಲೆಕ್ಕ ಸ್ಪಷ್ಟ: ಇನ್ನು ಮೇಲೆ ಪಾಪ ನಮ್ಮದಾದರೂ ಬೈಗುಳ ಇವನ ಪಾಲಿಗೆ.

ಆಮೇಲೆ ಘಾಶೀರಾಮನ ದರಬಾರು. ಎಲ್ಲಕ್ಕೂ ಪರವಾನಗಿ ಬೇಕು. ರಾತ್ರಿ ಬೀದಿಯಲ್ಲಿ ಸಿಕ್ಕವರ ಮೈಮೇಲೆ ಕೈ, ಮನೆಯ ಬಾಗಿಲು ಬಡಿದು ಒಳಗಿರುವ ಗಂಡ ಹೆಂಡಿರನ್ನೂ ನೀವು ಯಾರು ಎಂದು ಕೇಳುವ ದರ್ಪ. ಕಳ್ಳತನದ ಆರೋಪ ಹೊತ್ತ ಒಬ್ಬ ಬ್ರಾಹ್ಮಣನ ಅಂಗೈಯಲ್ಲಿ ಕಾದ ಕಬ್ಬಿಣದ ಗುಂಡು ಇಡಿಸುವ ದೃಶ್ಯವಿದೆ. ಕದ್ದಿಲ್ಲ ಎಂದರೂ ಹಿಂಸೆ, ಹಿಂಸೆ ತಾಳದೆ ಕದ್ದೆ ಎಂದರೂ ಶಿಕ್ಷೆ. ಹಿಂದೊಮ್ಮೆ ಇದೇ ಅನ್ಯಾಯಕ್ಕೆ ಗುರಿಯಾದವನು ಈಗ ಅದನ್ನೇ ಇನ್ನೊಬ್ಬರ ಮೇಲೆ ಹೇರುತ್ತಿದ್ದಾನೆ. ತೆಂಡೂಲ್ಕರರು ಅವನನ್ನು ಹುಟ್ಟು ರಾಕ್ಷಸನನ್ನಾಗಿ ತೋರಿಸಿಲ್ಲ. ಅವಮಾನಕ್ಕೆ ಅಧಿಕಾರ ಸಿಕ್ಕಿದರೆ ಏನಾಗುತ್ತದೆ ಎಂದು ತೋರಿಸಿದ್ದಾರೆ.

ಮಗಳು ಸಾಯುತ್ತಾಳೆ. ನಾನಾನನ್ನು ಕೊಲ್ಲುವಷ್ಟು ಕೋಪ ಬಂದರೂ ಘಾಶೀರಾಮ ಅವನೆದುರು ಕುಸಿಯುತ್ತಾನೆ. ಆ ಸಿಟ್ಟನ್ನೆಲ್ಲ ಊರಿನ ಮೇಲೆ ತೀರಿಸುತ್ತಾನೆ. ತೈಲಂಗ ಬ್ರಾಹ್ಮಣರು ಅವನ ಬಂದೀಖಾನೆಯಲ್ಲಿ ಉಸಿರುಗಟ್ಟಿ ಸಾಯುತ್ತಾರೆ. ಜನ ದಂಗೆ ಎದ್ದಾಗ ನಾನಾ ಒಂದು ಕ್ಷಣವೂ ಹಿಂದೆಮುಂದೆ ನೋಡದೆ ಮರಣದ ಆಜ್ಞೆಗೆ ಸಹಿ ಹಾಕುತ್ತಾನೆ. ಘಾಶೀರಾಮ ಕಲ್ಲೇಟಿಗೆ ಬೀಳುತ್ತಾನೆ. ನಾನಾ ಬಂದು, ಊರಿನ ಪೀಡೆ ಕಳೆಯಿತು, ಮೂರು ದಿನ ಹಬ್ಬ ಮಾಡಿ ಎಂದು ಸಾರುತ್ತಾನೆ. ಗೋಡೆ ಮತ್ತೆ ಹಾಡತೊಡಗುತ್ತದೆ.

ಈ ನಾಟಕದಲ್ಲಿ ಇತಿಹಾಸ ಎಷ್ಟು, ಕಲ್ಪನೆ ಎಷ್ಟು ಎಂದು ನೀವು ಕೇಳಬಹುದು. ಕೊತ್ವಾಲ, ತೈಲಂಗರ ಸಾವು, ಕಲ್ಲೇಟು ಇವು ಇತಿಹಾಸ. ಗೌರಿಯ ಕತೆ ನಾಟಕಕಾರರು ಹೆಣೆದದ್ದು. ಇದು ಐತಿಹಾಸಿಕ ನಾಟಕವಲ್ಲ ಎಂದು ತೆಂಡೂಲ್ಕರರೇ ಹೇಳಿದ್ದಾರೆ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲಿನ ಮುಂಬೈ ರಾಜಕೀಯದ ನೆರಳು ಇದರಲ್ಲಿದೆ ಎಂದು ಅನೇಕ ವಿಮರ್ಶಕರು ಓದಿದ್ದಾರೆ. ಅಧಿಕಾರಸ್ಥರು ತಮ್ಮ ಕೆಲಸಕ್ಕೆಂದು ಒಬ್ಬ ಬಲಶಾಲಿಯನ್ನು ಬೆಳೆಸುವುದು, ಬೇಡವಾದಾಗ ಬಲಿ ಕೊಡುವುದು ಎಲ್ಲ ಕಾಲದ ಕತೆ. ಅದಾದ ಮೇಲೆ ತೆಂಡೂಲ್ಕರರು ನೆಹರೂ ಫೆಲೋಶಿಪ್ ಪಡೆದು ದೇಶ ಸುತ್ತಿ, ಸಮಾಜದಲ್ಲಿ ಬೆಳೆಯುತ್ತಿರುವ ಹಿಂಸೆಯನ್ನೇ ಅಧ್ಯಯನ ಮಾಡಿದರು.

ಇನ್ನು ಗಲಾಟೆಯ ವಿಷಯ. ನಾನಾ ಫಡ್ನವೀಸನಂಥ ಮುತ್ಸದ್ದಿಯನ್ನು ಸ್ತ್ರೀಲೋಲನಂತೆ ತೋರಿಸಿದ್ದಾರೆ, ಪುಣೆಯ ಬ್ರಾಹ್ಮಣರನ್ನು ಅವಮಾನಿಸಿದ್ದಾರೆ ಎಂದು ಪ್ರತಿಭಟನೆ ಎದ್ದಿತು. ಆಡಿಸಿದ ಸಂಸ್ಥೆಯೇ ಹತ್ತೊಂಬತ್ತು ಪ್ರದರ್ಶನಗಳ ನಂತರ ನಾಟಕ ನಿಲ್ಲಿಸಿತು. ಕಲಾವಿದರು ಹೊರಬಂದು 1973ರಲ್ಲಿ 'ಥಿಯೇಟರ್ ಅಕಾಡೆಮಿ' ಕಟ್ಟಿ ಮತ್ತೆ ಆಡಿದರು. 1980ರಲ್ಲಿ ಯುರೋಪಿಗೆ ಹೊರಟಾಗ, ನಮ್ಮ ಇತಿಹಾಸದ ಮರ್ಯಾದೆಯನ್ನು ಪರದೇಶದಲ್ಲಿ ಹರಾಜು ಹಾಕುತ್ತಾರೆ ಎಂದು ಮತ್ತೆ ಕೂಗೆದ್ದಿತು. ತಂಡ ಹೋಗಿ ಆಡಿಯೇ ಬಂತು. ಈ ನಾಟಕವನ್ನು ಆಧರಿಸಿದ 1976ರ ಸಿನಿಮಾದಲ್ಲಿ ಘಾಶೀರಾಮನಾಗಿದ್ದವರು ಆಗಿನ್ನೂ ಹೊಸಬರಾಗಿದ್ದ ಓಂ ಪುರಿ.

ಇಲ್ಲಿ ಒಂದು ಮಾತನ್ನು ನೀವು ಗಮನಿಸಬೇಕೆಂದು ನನ್ನ ಕೋರಿಕೆ. ಇಷ್ಟೆಲ್ಲ ವರ್ಷ ವಾದ ನಡೆದದ್ದು ನಾನಾನ ಮಾನದ ಬಗ್ಗೆ. ಆ ಕೋಣೆಯಲ್ಲಿ ಸತ್ತ 21 ಜನರ ಬಗ್ಗೆ ಯಾರೂ ಜಗಳವಾಡಲಿಲ್ಲ. ನಾನಾನಿಗೆ ವಂಶವಿದೆ, ವಾಡೆಯಿದೆ, ಚರಿತ್ರೆಯಲ್ಲಿ ಅಧ್ಯಾಯವಿದೆ. ಘಾಶೀರಾಮನಿಗೂ ಹೆಸರು ಉಳಿಯಿತು. ತೈಲಂಗರಿಗೆ ಉಳಿದದ್ದು ಒಂದು ಅಂಕಿ ಮಾತ್ರ.

ಅಧಿಕಾರಿಗಳನ್ನು ರಂಗದ ಮೇಲೆ ತಂದರೆ ಏನಾಗುತ್ತದೆ ಎಂಬುದಕ್ಕೆ ಇನ್ನೂ ಹಳೆಯ ಉದಾಹರಣೆ ಇದೆ. 1876ರಲ್ಲಿ ಕಲ್ಕತ್ತೆಯ ಪೊಲೀಸ್ ಕಮಿಷನರ್ ಹಾಗ್ ಮತ್ತು ಸೂಪರಿಂಟೆಂಡೆಂಟ್ ಲ್ಯಾಂಬ್ ಎಂಬವರು. ಇಂಗ್ಲಿಷಿನಲ್ಲಿ ಹಾಗ್ ಎಂದರೆ ಹಂದಿ, ಲ್ಯಾಂಬ್ ಎಂದರೆ ಕುರಿಮರಿ. ಗ್ರೇಟ್ ನ್ಯಾಷನಲ್ ಥಿಯೇಟರಿನವರು 'ಹಂದಿ ಕುರಿಗಳ ಪೊಲೀಸು' ಎಂಬರ್ಥದ ಪ್ರಹಸನವನ್ನೇ ಆಡಿಬಿಟ್ಟರು. ಪೊಲೀಸರು ರಂಗಮಂದಿರಕ್ಕೆ ನುಗ್ಗಿ ನಿರ್ದೇಶಕ ಉಪೇಂದ್ರನಾಥ ದಾಸ್ ಮತ್ತಿತರರನ್ನು ಹಿಡಿದರು. ಅದೇ ವರ್ಷದ ಕೊನೆಗೆ ನಾಟಕ ಪ್ರದರ್ಶನ ಕಾಯಿದೆ ಬಂತು. ಆಟ ಆಡುವ ಮೊದಲೇ ಅದನ್ನು ನಿಷೇಧಿಸುವ, ಆಡುವ ಜಾಗಕ್ಕೆ ಪೊಲೀಸರು ನುಗ್ಗಿ ಹಿಡಿಯುವ ಅಧಿಕಾರ ಸರ್ಕಾರಕ್ಕೆ ಸಿಕ್ಕಿತು. ಸ್ವಾತಂತ್ರ್ಯ ಬಂದ ಮೇಲೂ ಅದು ಪುಸ್ತಕದಲ್ಲಿ ಉಳಿದಿತ್ತು. 1956ರಲ್ಲಿ ಅಲಹಾಬಾದ್ ಹೈಕೋರ್ಟ್ ಅದು ಸಂವಿಧಾನಕ್ಕೆ ವಿರುದ್ಧ ಎಂದಿತು. ಸಂಸತ್ತು ಅದನ್ನು ಪೂರ್ತಿ ಅಳಿಸಿದ್ದು 2018ರ ಆರಂಭದಲ್ಲಿ ಜಾರಿಗೆ ಬಂದ ರದ್ದತಿ ಕಾಯಿದೆಯಿಂದ.

ಹಳೆಯ ಪುಣೆ, ಹಳೆಯ ಕಲ್ಕತ್ತೆ ಸಾಕು, ನಮ್ಮ ಊರಿಗೆ ಬನ್ನಿ. 1978ರ ಮಾರ್ಚ್ ಕೊನೆಯಲ್ಲಿ, ಹೈದರಾಬಾದಿನಲ್ಲಿ ರಾತ್ರಿ ಸಿನಿಮಾ ನೋಡಿ ಮನೆಗೆ ಹೊರಟಿದ್ದ ಬಡ ದಂಪತಿಗಳನ್ನು ಪೊಲೀಸರು ಸಂಶಯದ ಮೇಲೆ ಹಿಡಿದರು. ನಲ್ಲಕುಂಟ ಠಾಣೆಯಲ್ಲಿ ಹೆಂಡತಿಯ ಮೇಲೆ ಅತ್ಯಾಚಾರವಾಯಿತು, ರಿಕ್ಷಾ ಓಡಿಸುತ್ತಿದ್ದ ಗಂಡ ಹೊಡೆತಕ್ಕೆ ಸತ್ತ ಎಂಬ ಸುದ್ದಿ ಹರಡಿ ಊರು ಹೊತ್ತಿ ಉರಿಯಿತು. ಗೋಲಿಬಾರಿನಲ್ಲಿ ಮತ್ತಷ್ಟು ಜನ ಸತ್ತರು. ಸರ್ಕಾರ ನ್ಯಾಯಮೂರ್ತಿ ಮುಕ್ತದರ್ ಅವರ ಆಯೋಗ ನೇಮಿಸಿತು. ಆಯೋಗದ ಮುಂದೆ ಪೊಲೀಸರ ಪರ ವಕೀಲರು ಹೆಚ್ಚು ಕೆದಕಿದ್ದು ಆಕೆಯ ನಡತೆಯನ್ನು, ಆಕೆಯ ಮದುವೆ ಸರಿಯಾದ ಮದುವೆಯೇ ಎಂಬುದನ್ನು. ಆದರೂ ಆಯೋಗ ಪೊಲೀಸರೇ ತಪ್ಪಿತಸ್ಥರು ಎಂದಿತು.

ಮೊಕದ್ದಮೆಯನ್ನು ನಮ್ಮ ರಾಯಚೂರಿನ ಜಿಲ್ಲಾ ನ್ಯಾಯಾಲಯಕ್ಕೆ ವರ್ಗಾಯಿಸಿದರು. ಆಯೋಗದ ಮುಂದೆ ಹೇಳಿದ ಮಾತು ಕ್ರಿಮಿನಲ್ ನ್ಯಾಯಾಲಯದಲ್ಲಿ ಸಾಕ್ಷ್ಯವಾಗದು ಎಂಬುದು ಕಾನೂನು. 1981ರಲ್ಲಿ ಆರೋಪಿ ಪೊಲೀಸರೆಲ್ಲ ಖುಲಾಸೆಯಾದರು. ಹೈದರಾಬಾದಿನಲ್ಲಿ ಸುಟ್ಟ ಬೆಂಕಿ ರಾಯಚೂರಿನ ಕಡತದಲ್ಲಿ ಆರಿತು.

ಈ ಎರಡು ಕತೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಕೊತ್ವಾಲನನ್ನು ಕಲ್ಲು ಹೊಡೆದು ಕೊಂದರು, ಇನ್ನೊಂದರಲ್ಲಿ ಪೊಲೀಸರು ಬಿಡುಗಡೆಯಾಗಿ ಮನೆಗೆ ಹೋದರು. ಮೇಲುನೋಟಕ್ಕೆ ಒಂದಕ್ಕೊಂದು ತದ್ವಿರುದ್ಧ. ಆದರೆ ಎರಡರಲ್ಲೂ ಬೀಗದ ಕೈಯ ಲೆಕ್ಕ ಯಾರೂ ಕೇಳಲಿಲ್ಲ. ಯಾರು ಹಿಡಿಯಬಹುದು, ಎಷ್ಟು ಹೊತ್ತು ಇಡಬಹುದು, ಒಳಗೆ ಇರುವವರನ್ನು ಹೊರಗಿನವರು ಯಾವಾಗ ನೋಡಬಹುದು, ಮೇಲಿನವನು ಯಾರಿಗೆ ಉತ್ತರ ಹೇಳಬೇಕು ಎಂಬ ಪ್ರಶ್ನೆಗಳು ಹಾಗೇ ಉಳಿದವು. ಗುಂಪಿನ ಕಲ್ಲಿಗೆ ಒಬ್ಬ ಮನುಷ್ಯನನ್ನು ಕೊಲ್ಲುವ ಶಕ್ತಿ ಇದೆ, ಒಂದು ಪದ್ಧತಿಯನ್ನು ತಿದ್ದುವ ಶಕ್ತಿ ಇಲ್ಲ. ತೆಂಡೂಲ್ಕರರ ನಾನಾ ಮೂರು ದಿನದ ಹಬ್ಬ ಸಾರುವುದು ಅದಕ್ಕೇ. ಜನ ಹಬ್ಬದಲ್ಲಿ ಮುಳುಗಿದರೆ ಸಹಿ ಹಾಕಿದ ಕೈಯನ್ನು ಯಾರು ನೋಡುತ್ತಾರೆ?

ಆ ಪ್ರಶ್ನೆಗಳಿಗೆ ಉತ್ತರ ಬರತೊಡಗಿದ್ದು ಕಲ್ಲಿನಿಂದಲ್ಲ, ಕಾಗದದಿಂದ, ಅದೂ ಬಹಳ ನಿಧಾನವಾಗಿ. ಹಿಡಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ನಲ್ಲಕುಂಟ ಪ್ರಕರಣವೂ ಮಹಾರಾಷ್ಟ್ರದ ಮಥುರಾ ಪ್ರಕರಣವೂ ಎಬ್ಬಿಸಿದ ಹೋರಾಟದ ಫಲವಾಗಿ 1983ರಲ್ಲಿ ಅತ್ಯಾಚಾರದ ಕಾನೂನು ಬದಲಾಯಿತು. ಪೊಲೀಸ್ ವಶದಲ್ಲಿದ್ದ ಹೆಣ್ಣು, ತಾನು ಒಪ್ಪಿರಲಿಲ್ಲ ಎಂದು ಹೇಳಿದರೆ ನ್ಯಾಯಾಲಯ ಅದನ್ನು ನಂಬಿ ಮುಂದುವರಿಯಬೇಕು ಎಂಬ ನಿಯಮ ಬಂತು. 1996ರಲ್ಲಿ ಡಿ.ಕೆ. ಬಸು ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಬಂಧಿಸುವ ಪೊಲೀಸರು ತಮ್ಮ ಹೆಸರಿನ ಪಟ್ಟಿ ಧರಿಸಿರಬೇಕು, ಬಂಧನದ ಪತ್ರಕ್ಕೆ ಸಾಕ್ಷಿಯ ಸಹಿ ಇರಬೇಕು, ಮನೆಯವರಿಗೆ ತಿಳಿಸಬೇಕು, ವೈದ್ಯರು ಪರೀಕ್ಷಿಸಬೇಕು ಎಂದು ವಿಧಿಸಿತು. 2020ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ ಪ್ರತಿ ಠಾಣೆಯ ಲಾಕಪ್ಪಿನಲ್ಲೂ ಕ್ಯಾಮೆರಾ ಇರಬೇಕು ಎಂದಿತು. 1791ರ ಆ ಕೋಣೆಗೆ ಒಂದು ಕಿಟಕಿ ತೆರೆಯಲು ಇಷ್ಟು ವರ್ಷ ಬೇಕಾಯಿತು ಅನ್ನಿ. ಕಿಟಕಿ ಮುಚ್ಚಿಹೋಗದಂತೆ ನೋಡಿಕೊಳ್ಳುವುದು ಇನ್ನೂ ನಮ್ಮ ಕೆಲಸ.

ಹಾಗಾದರೆ ನಾಟಕ ಯಾಕೆ ಬೇಕು, ತೀರ್ಪುಗಳಿವೆಯಲ್ಲ? ತೀರ್ಪು ಪೊಲೀಸನಿಗೆ ನೀನು ಹೀಗೆ ಮಾಡಬಾರದು ಎನ್ನುತ್ತದೆ. ನಾಟಕ ಮಾತ್ರ ನಮ್ಮ ಕಡೆಗೆ ತಿರುಗಿ, ನೀನು ಎಲ್ಲಿ ನಿಂತಿದ್ದೆ ಎಂದು ಕೇಳುತ್ತದೆ. ಆ ಮಾನವ ಗೋಡೆಯಲ್ಲಿ ನಿಂತು ಹಾಡಿದವರಲ್ಲಿ ನಾವೂ ಇದ್ದೆವೆ? ಪರದೇಶಿಯ ಮೇಲೆ ಮೊದಲ ಏಟು ಬಿದ್ದಾಗ ಸುಮ್ಮನಿದ್ದವರಲ್ಲಿ? ಪಟಾನ್‌ಚೆರುವಿನಂಥ ಊರಿನಲ್ಲಿ ಈ ಪ್ರಶ್ನೆ ಸುಮ್ಮನೆ ಕೇಳುವಂಥದ್ದಲ್ಲ. ಇಲ್ಲಿನ ಕಾರ್ಖಾನೆಗಳಲ್ಲಿ ದುಡಿಯುವವರು ಬೀದರಿನವರು, ಒಡಿಶಾದವರು, ಬಿಹಾರದವರು. ಭಾಷೆ ಬಾರದ ಊರಿನಲ್ಲಿ ರಾತ್ರಿ ಪಾಳಿ ಮುಗಿಸಿ ನಡೆದು ಹೋಗುವವನನ್ನು ಯಾರಾದರೂ ನಿಲ್ಲಿಸಿ ಕೇಳಿದರೆ, ಅವನಿಗಾಗಿ ಠಾಣೆಗೆ ಬರುವವರು ಯಾರು? 1791ರ ತೈಲಂಗರೂ ಪುಣೆಯಲ್ಲಿ ಇಂಥ ಪರದೇಶಿಗಳೇ ಆಗಿದ್ದರು. ಒಂದು ಕಾಲದಲ್ಲಿ ಘಾಶೀರಾಮನೂ ಪರದೇಶಿಯೇ.

ಎಲ್ಲಾದರೂ ಈ ನಾಟಕ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ, ಯಾವ ಭಾಷೆಯಲ್ಲಿದ್ದರೂ ಸರಿ. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ನಿಜಾಮರ ಕಾಲದ ಕೊತ್ವಾಲಿಯ ಕತೆಗಳನ್ನು ಕೇಳಿದ್ದರೆ, 1978ರ ಆ ದಿನಗಳಲ್ಲಿ ಹೈದರಾಬಾದಿನಲ್ಲೋ ರಾಯಚೂರಿನಲ್ಲೋ ಇದ್ದಿದ್ದರೆ, ಅವರು ಕಂಡದ್ದನ್ನು ನಾಲ್ಕು ಸಾಲಿನಲ್ಲಿ ಬರೆದು ನಮ್ಮ ಕನ್ನಡ ವಿಭಾಗಕ್ಕೆ ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಒಂದೊಂದಾಗಿ ಹಂಚಿಕೊಳ್ಳೋಣ.